ಎರಡೂಕಾಲರ ಆರಾಧನೆ

ಶುಕ್ರವಾರ, ಸೊಹಾರ್. ಮಧ್ಯಾಹ್ನ ಎರಡೂಕಾಲು.
ತೆಲುಗಿನವರು ಎದ್ದು ಹೋಗುತ್ತಾರೆ
ಕುರ್ಚಿಗಳಲ್ಲಿ ಮೈಬಿಸಿ ಬಿಟ್ಟು, ತಬಲಕ್ಕೆ ಬಟ್ಟೆ ಹೊದಿಸಿ.
ಮೂರೂವರೆಗೆ ಫಿಲಿಪಿನೊ ಮಂದಿ ಗಿಟಾರು ಹೊತ್ತು ಬರುತ್ತಾರೆ.
ನಡುವಿನ ಒಂದೂಕಾಲು ಗಂಟೆ ಕನ್ನಡದ್ದು.

ಬೀಗದ ಕೈ ನನ್ನ ಹತ್ತಿರ.
ಜಯಶೀಲ ಸೋನ್ಸರು ಕಾಯಿಲೆಯಾಗಿ ಊರಿಗೆ ಹೊರಟಾಗ
ಮಸ್ಕತ್ತಿನ ವಿಮಾನ ನಿಲ್ದಾಣದಲ್ಲಿ ಟ್ರಾಲಿ ನಿಲ್ಲಿಸಿ
"ಬರುವ ವಾರ ಒಂದು ನೀನು ತೆರೆ ಮಾರಾಯ" ಎಂದು ಕೊಟ್ಟದ್ದು.
ಅವರು ಹೇಳಿದ್ದು ಒಂದೇ ವಾರ.
ಅದಾಗಿ ಹನ್ನೊಂದು ವರ್ಷ.

ಆಗ ನಾವು ಅರವತ್ತೆರಡು ಜನ, ಕಿಟಕಿಯ ಕಟ್ಟೆಯಲ್ಲೂ ಮಕ್ಕಳು.
ಬಂದರಿನ ವೆಲ್ಡರುಗಳು, ಆಸ್ಪತ್ರೆಯ ಸಿಸ್ಟರುಗಳು,
ಬೀದರಿನ ಮೂವರು ಅಣ್ಣತಮ್ಮಂದಿರು
ದನಿ ಎತ್ತಿದರೆ ಗೋಡೆಯ ಗಡಿಯಾರ ಅಲುಗುತ್ತಿತ್ತು.
ಆಮೇಲೆ ಒಂದು ಕಂಪನಿ ಮುಚ್ಚಿತು. ವೀಸಾ ಮುಗಿಯಿತು.
ಕೆಲವರು ದೋಹಾಕ್ಕೆ, ಕೆಲವರು ಇಂಗ್ಲಿಷ್ ಆರಾಧನೆಗೆ,
ಮಕ್ಕಳಿಗೆ ಕನ್ನಡ ಬಾರದು ನೋಡಿ.
ಒಬ್ಬ ಮಾತ್ರ ಸುಮ್ಮನೆ ಬಿಟ್ಟ, ಕಾರಣ ಹೇಳಲಿಲ್ಲ.
ಅಂಗಡಿಯಲ್ಲಿ ಎದುರಾದರೆ ಈಗಲೂ
ಟೊಮೆಟೊ ಆರಿಸುವುದರಲ್ಲೇ ಮುಳುಗಿರುತ್ತಾನೆ.

ನನ್ನ ಕೆಲಸ ಸಮುದ್ರದಿಂದ ಉಪ್ಪು ತೆಗೆಯುವುದು.
ಉಪ್ಪಾಗಿರಿ ಎಂದವನ ಮಂದಿಯಲ್ಲಿ ಒಬ್ಬನಿಗೆ
ಸಿಕ್ಕಿಸಿಕ್ಕಿ ಇದೇ ಕೆಲಸ!
ಅರವತ್ತು ಬಾರ್ ಒತ್ತಡದಲ್ಲಿ ನೀರನ್ನು ಪೊರೆಗೆ ತಳ್ಳುತ್ತೇವೆ,
ಸಿಹಿ ಆಚೆ ಹೋಗುತ್ತದೆ, ಉಪ್ಪು ಈಚೆ ಉಳಿಯುತ್ತದೆ.
ಹೊಸ ಹುಡುಗರಿಗೆ ನಾನು ಕಲಿಸುವುದು ಒಂದೇ ಮಾತು:
ನೀರು ಹರಿಯಬೇಕು, ಪೊರೆ ಹರಿಯಬಾರದು.
ಪೊರೆ ಬೇರೇನೂ ಮಾಡುವುದಿಲ್ಲ,
ಇರುತ್ತದೆ.

ಭಕ್ತಿಯ ಮನುಷ್ಯ ಎನ್ನುತ್ತಾರೆ ನನ್ನನ್ನು.
ರಾತ್ರಿ ಪಾಳಿಯ ಮೂರು ಗಂಟೆಗೆ ಗೇಜಿನ ಮುಂದೆ ಕೂತು
ಕರ್ತನೇ ಎಂದು ತೊಡಗಿದರೆ
ಬಾಡಿಗೆ ನೆನಪಾಗುತ್ತದೆ, ಹಲ್ಲುನೋವು ನೆನಪಾಗುತ್ತದೆ,
ಅತ್ತ ಕಡೆಯಿಂದ ಪಂಪಿನ ಸದ್ದಲ್ಲದೆ ಏನಿಲ್ಲ.
ಎಷ್ಟೋ ವರ್ಷಗಳಿಂದ ಏನಿಲ್ಲ.
ಆದರೂ ಶುಕ್ರವಾರ ಅಂಗಿಗೆ ಇಸ್ತ್ರಿ ಹಾಕುತ್ತೇನೆ.
ಯಾಕೆಂದು ಕೇಳಬೇಡಿ, ಕೇಳಿದರೆ ನಿಲ್ಲಿಸಿಯೇನು.

ಈಗ ನಾನೊಬ್ಬ, ಮತ್ತೆ ಸುಮತಿಯಕ್ಕ,
ಅವರ ಮನೆಯೊಡತಿ ಬಿಟ್ಟ ವಾರ.
ಖಾಲಿ ಕುರ್ಚಿಗಳಿಗೆ ಗಟ್ಟಿಯಾಗಿ ಕೀರ್ತನೆ ಓದುತ್ತೇನೆ.
ಕಿಟಕಿಯಲ್ಲಿ ಹಜರ್ ಬೆಟ್ಟ, ಒಂದು ಹುಲ್ಲುಕಡ್ಡಿ ಇಲ್ಲದ್ದು.
ರಾತ್ರಿ ಮೂಲ್ಕಿಯಿಂದ ಹೇಮಲತಾ ಫೋನಿನಲ್ಲಿ,
"ಎಷ್ಟು ಜನ ಇದ್ದರು?"
"ಹತ್ತು ಹನ್ನೆರಡು," ಎನ್ನುತ್ತೇನೆ.
ಅವಳು "ಹೂಂ" ಎನ್ನುತ್ತಾಳೆ. ಆ ಹೂಂ ನನಗೆ ಗೊತ್ತು.

ಜೂನಿನಲ್ಲಿ ಕಮಿಟಿಯ ಕಾಗದ ಬಂತು:
ಐದು ಜನಕ್ಕಿಂತ ಕಡಿಮೆಯಾದರೆ ಹೊತ್ತು ಬೇರೆಯವರಿಗೆ.
ನ್ಯಾಯವೇ. ನೇಪಾಳಿಗಳಿಗೆ ಜಾಗವಿಲ್ಲ,
ಬಸ್ಸಿನ ನೆರಳಿನಲ್ಲಿ ನಿಂತು ಪ್ರಾರ್ಥಿಸುತ್ತಾರೆ,
ನೆರಳು ಸರಿದಂತೆ ಸಾಲೂ ಸರಿಯುತ್ತದೆ.
ಸಹಿ ಹಾಕದೆ ಕಾಗದವನ್ನು ಹಾಡಿನ ಪುಸ್ತಕದಲ್ಲಿಟ್ಟೆ
ಮೂರು ವಾರ. ಹಟ ಅದು, ನಂಬಿಕೆಯಲ್ಲ.
ಎರಡೂ ಒಂದೇ ಅಂಗಿ ತೊಟ್ಟು ಬರುತ್ತವೆ.

ನಿನ್ನೆ ನಲವತ್ತೇಳು ಡಿಗ್ರಿ.
ಸುಮತಿಯಕ್ಕ ಬರಲಿಲ್ಲ. ಏಸಿ ಒಬ್ಬನಿಗಾಗಿ ಓಡುತ್ತಿತ್ತು.
ಕೀರ್ತನೆಯ ನಡುವೆ ನಿಲ್ಲಿಸಿ ಹೊರಗೆ ಹೋದೆ,
ಬಸ್ಸಿನ ಬಳಿ ಒಬ್ಬನ ತೋಳು ಹಿಡಿದು "ಆಜಾವ್" ಎಂದೆ.
"ಜಯಮಸೀಹ," ಎಂದ ಸುಕ್ ಬಹಾದುರ್ ತಮಾಂಗ್, ನಾಚಿ.
ಬಾಗಿಲಲ್ಲಿ ಇಪ್ಪತ್ತಮೂರು ಜೊತೆ ಸೇಫ್ಟಿ ಶೂ.
ನಾನು ಬಿಟ್ಟಲ್ಲಿಂದ ಕನ್ನಡದಲ್ಲಿ ಓದಿದೆ,
ಅರ್ಥವಾಗದ್ದಕ್ಕೆ ಅವರು ತಲೆಬಾಗಿದರು.
ಅವರು ಅತ್ತು ಪ್ರಾರ್ಥಿಸಿದರು,
ಅರ್ಥವಾಗದ್ದಕ್ಕೆ ನಾನೂ.
ಆಮೆನ್ ಒಂದು ಮಾತ್ರ ಎಲ್ಲರ ಬಾಯಲ್ಲೂ ಕೂಡಿತು.
ಪಂಪಿನ ಸದ್ದಲ್ಲದೆ ಏನೋ ಕೇಳಿಸಿತೆನ್ನಲಾರೆ.
ಬೆವರು ಆರಿದ ಅಂಗಿಗಳ ಮೇಲೆ
ಬಿಳಿಯ ಉಪ್ಪಿನ ಗೆರೆ ಕಂಡೆ.

ರಾತ್ರಿ ಹೇಮಲತಾ, "ಎಷ್ಟು ಜನ?"
"ಇಪ್ಪತ್ತನಾಲ್ಕು."
ಸ್ವಲ್ಪ ಹೊತ್ತು ಆ ಕಡೆ ಫ್ಯಾನಿನ ಸದ್ದು.
"ಒಬ್ಬರೇ ಅಂದರೂ ನಾನೇನು ಹೇಳುತ್ತಿರಲಿಲ್ಲ,"
ಎಂದಳು, "ಸುಳ್ಳು ಎಂತಕ್ಕೆ?"